ಒಂದೇ ಕಡೆಯ ಹಂದರ

ಗೋಕಾಕ
12 ಆಗಸ್ಟ್ 2004

ಪ್ರಿಯ ದುಂಡೇಶ,

ನೀನು ಇ-ಮೇಲ್ ತೆರೆಯುತ್ತಿಲ್ಲ. ನಮ್ಮ ಮೇಲಿಂಗ್ ಲಿಸ್ಟ್‌ನಿಂದಲೂ ಹೆಸರು ತೆಗೆಸಿಕೊಂಡಿದ್ದೀಯ. ಮೂಡಲಗಿಗೆ ಫೋನ್ ಮಾಡಿದರೆ ‘ಸಾಲಿಗಿ ಹೋಗ್ಯಾನ’ ಅನ್ನುತ್ತಾರೆ. ರವಿವಾರ ಮಾಡಿದರೂ ಅದೇ ಉತ್ತರ. ನಿಮ್ಮ ಹೈಸ್ಕೂಲಿಗೆ ರವಿವಾರವೂ ವಿಜ್ಞಾನ ಕಲಿಸುವಷ್ಟು ಹುರುಪು ಬಂದದ್ದು ನನಗೆ ಗೊತ್ತಿರಲಿಲ್ಲ. ಇರಲಿ, ಅಂಚೆಯವನನ್ನು ನೀನು ಬಾಗಿಲಲ್ಲಿ ನಿಲ್ಲಿಸಿ ಕಳಿಸಲಾರೆ ಎಂಬ ಧೈರ್ಯದ ಮೇಲೆ ಪೆನ್ನು ಹಿಡಿದಿದ್ದೇನೆ.

ನಡೆದದ್ದನ್ನು ಒಮ್ಮೆ ನೆಟ್ಟಗೆ ಬರೆದುಕೊಳ್ಳುತ್ತೇನೆ. ಲಿಸ್ಟ್‌ನಲ್ಲಿ ಊರೆಲ್ಲ ಸೇರಿ ಮಾತಾಡಿ ಅದು ರಾಡಿಯಾಗಿ ಹೋಗಿದೆ. ‘ಹಂದರ’ ನಾವಿಬ್ಬರೂ ಕೂಡಿ ಮಾಡಿ, ಮದುವೆಯ ಚಪ್ಪರದ ಹೆಸರಿಟ್ಟ ತಂತ್ರಾಂಶ. ನಿನ್ನ ತಂಗಿ ಅರ್ಚನಾಳ ಮದುವೆಯಲ್ಲಿ ನಿಮ್ಮ ಅವ್ವ ಹಣಮವ್ವ ಹಾಡಿದ ಬೀಗರ ಹಾಡುಗಳನ್ನು ಟೇಪಿನಲ್ಲಿ ಹಿಡಿದಿಟ್ಟೆವು. ಕಂಪ್ಯೂಟರ್ ಶುರು ಮಾಡಿದಾಗೊಮ್ಮೆ ಪರದೆಯ ಮೇಲೆ ಒಂದು ಹಾಡು ಬರಲಿ, ಯಾರು ಬೇಕಾದರೂ ಪುಕ್ಕಟೆ ಒಯ್ಯಲಿ, ತಿದ್ದಲಿ, ಹಂಚಲಿ ಎಂದೆವು. ಒಯ್ದರು. ಮಂಗಳೂರಿನ ಹುಡುಗರು ಒಯ್ದರು, ಜರ್ಮನಿಯಲ್ಲಿರುವ ಒಬ್ಬ ಕನ್ನಡಿಗ ಒಯ್ದ. ಪುಕ್ಕಟೆ ಹಂಚುವ ಲಿನಕ್ಸ್ ಸಿಡಿಯಲ್ಲಿ ನಮ್ಮ ಹಂದರ ಬಂದ ದಿನ ನೀನು ಬಸ್ಸು ಹತ್ತಿ ಗೋಕಾಕಕ್ಕೆ ಬಂದು ನನ್ನ ಕಂಪ್ಯೂಟರ್ ಕ್ಲಾಸಿನ ಹುಡುಗರಿಗೆಲ್ಲ ಚಹಾ ಕುಡಿಸಿದೆ.

ಆಮೇಲೆ ನಾನು ಅದರಿಂದ ಕೆಲವು ಹಾಡು ತೆಗೆದೆ. ನಿನ್ನನ್ನು ಕೇಳದೆ ತೆಗೆದೆ, ಅದು ತಪ್ಪೇ. ಆದರೆ ಅವು ಜನರನ್ನು ನೋಯಿಸುವ ಹಾಡುಗಳು. ನಾಳೆ ಯಾವುದೋ ಶಾಲೆಯ ಹೆಣ್ಣುಮಗಳು ಕಂಪ್ಯೂಟರ್ ಹಚ್ಚಿದಾಗ ಅಂಥದ್ದು ಮುಖಕ್ಕೆ ರಾಚಿದರೆ? ಜರ್ಮನಿಯವನು ಹೇಳಿದಂತೆ ಅವನ್ನು ಬೇರೆ ಕಡತದಲ್ಲಿಟ್ಟು, ಕೇಳಿದವರಿಗೆ ಮಾತ್ರ ತೋರಿಸುವ ದಾರಿಯೂ ಇತ್ತು. ನೀನು ಅದಕ್ಕೂ ಒಪ್ಪಲಿಲ್ಲ.

ಇಷ್ಟಕ್ಕೆ ಹದಿನೈದು ವರ್ಷದ ಗೆಳೆತನ ಮುರಿಯಬೇಕೇನೋ? ಮೂಡಲಗಿ ಬಸ್ಸಿನ ಕಂಡಕ್ಟರ್ ಯಲ್ಲಪ್ಪನ ಕೈಯಲ್ಲಿ ಕರದಂಟು ಕಳಿಸಿದ್ದೇನೆ. ನಮ್ಮ ಕೆಳಗಿನ ಅಂಗಡಿಯದೇ. ಹಣಮವ್ವನಿಗೆ ಅಂಟು ಹೆಚ್ಚು ಹಾಕಿಸಿದ್ದೇನೆಂದು ಹೇಳು.

ನಿನ್ನ,
ಸಮ್ಮೇದ


ಮೂಡಲಗಿ
3 ಸೆಪ್ಟೆಂಬರ್ 2004

ಸಮ್ಮೇದ,

‘ಪ್ರಿಯ’ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಕರದಂಟು ಮುಟ್ಟಿತು. ಅವ್ವ ತಿಂದಳು. ನಾನು ಮುಟ್ಟಲಿಲ್ಲ ಎಂದು ಬರೆಯುವ ಆಸೆ ಬಹಳವಿತ್ತು, ಆದರೆ ಒಂದು ತುಂಡು ತಿಂದೆ. ಅದರಿಂದ ಸಿಟ್ಟೇನೂ ಇಳಿದಿಲ್ಲ.

ನೀನು ಎಲ್ಲವನ್ನೂ ನೆಟ್ಟಗೆ ಬರೆದಿದ್ದೀಯ, ಒಂದನ್ನು ಬಿಟ್ಟು. ಹಾಡು ತೆಗೆದ ಮೇಲೆ ಬದಲಾವಣೆಯ ಟಿಪ್ಪಣಿಯಲ್ಲಿ ಏನು ಬರೆದೆ, ನೆನಪಿದೆಯೇ? ‘ಕಸ ತೆಗೆದಿದೆ.’ ಆ ಎರಡು ಪದ ಈಗ ಸಿಡಿಯಲ್ಲಿ, ಸರ್ವರಿನಲ್ಲಿ, ಜರ್ಮನಿಯಲ್ಲಿ, ಎಲ್ಲೆಲ್ಲೋ ಇವೆ. ನೀನು ಅಳಿಸಿದರೂ ಅಳಿಯುವುದಿಲ್ಲ. ಯಾವ ಬದಲಾವಣೆ ಯಾರು ಮಾಡಿದರೆಂಬುದು ಕಡೆಯವರೆಗೆ ಉಳಿಯಬೇಕು ಎಂದು ಹಟ ಹಿಡಿದು ಆ ವ್ಯವಸ್ಥೆ ಮಾಡಿದವನು ನೀನೇ. ಉಳಿದಿದೆ ನೋಡು.

ಅದು ಸಾಲದೆ ಲಿಸ್ಟ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದೆ, ಇವು ಓದುಬರಹವಿಲ್ಲದ ಹಳ್ಳಿ ಹೆಂಗಸರ ಒರಟು ಮಾತು, ಸುಸಂಸ್ಕೃತರ ಮುಂದೆ ಇಡುವಂಥವಲ್ಲ ಅಂತ. ಆ ಓದುಬರಹವಿಲ್ಲದ ಹೆಂಗಸು ನೀನು ಕಾಲೇಜಿಗಿದ್ದಾಗ ನಮ್ಮ ಮನೆಗೆ ಬಂದರೆ, ‘ಜೈನರ ಹುಡುಗ, ಕತ್ತಲಾದ್ರ ಉಣ್ಣೂದಿಲ್ಲ’ ಅಂತ ಹೊತ್ತು ಮುಳುಗುವ ಮೊದಲೇ ಉಳ್ಳಾಗಡ್ಡಿ ಹಾಕದ ಪಲ್ಲೆ ಬೇರೆ ಮಾಡಿಡುತ್ತಿದ್ದಳು. ನಿನ್ನ ಸಲುವಾಗಿ ನಾನೂ ಸಪ್ಪೆ ಪಲ್ಲೆ ಉಂಡಿದ್ದೇನೆ. ಕುರುಬರ ಮನೆಯಲ್ಲಿ ಸಂಸ್ಕೃತಿ ಇಲ್ಲ ಎಂಬುದು ಆಗ ನಿನಗೆ ಹೊಳೆದಿರಲಿಲ್ಲ.

ಬೇರೆ ಕಡತವಂತೆ. ನನ್ನ ಅವ್ವನ ಹಾಡಿಗೆ ಬೇರೆ ಪಂಕ್ತಿ ಹಾಕಿ, ಬಾಗಿಲಿಗೆ ಬೋರ್ಡು ತೂಗುಹಾಕಿ, ಬೇಕಾದವರು ಒಳಗೆ ಹೋಗಿ ಅನ್ನುವುದು. ನಮಗೆ ಅಂಥ ಪಂಕ್ತಿ ಹೊಸದಲ್ಲ ಬಿಡು.

ಇದೇ ತಾನೆ ನಿನ್ನ ಕಸದಲ್ಲಿ ಎಲ್ಲಕ್ಕಿಂತ ಹೊಲಸು?

ಬೆಕ್ಕೀಗಿ ಕುಂಚೀಗಿ ಹೊಲದಾಳ ಬೀಗತಿ
ತೊಟ್ಟೀಲ ಕಟ್ಟಿ ತೂಗ್ಯಾಳ | ನೆರಿಮನಿ
ಕೂಸತ್ತರ ತಾನು ಎದ್ದಾಳ

ಮಕ್ಕಳಿಲ್ಲದ ಬೀಗಿತಿಯನ್ನು ಆಡಿಕೊಂಡದ್ದು, ಒಪ್ಪುತ್ತೇನೆ. ಆದರೆ ಇದನ್ನು ಟೈಪ್ ಮಾಡಿದವನು ನೀನು. ಕೂಸಿನ ಕುಂಚಿಗೆ ಹಾಕಿಕೊಂಡ ಬೆಕ್ಕನ್ನು ನೆನೆದು ಕುರ್ಚಿಯಿಂದ ಬೀಳುವ ಹಾಗೆ ನಕ್ಕವನೂ ನೀನೇ. ಆಗ ಇಲ್ಲದ ನೋವು ಈಗ ಯಾರಿಗೆ ಬಂತು? ಹೆಸರು ಹೇಳು. ಹೆಸರಿಲ್ಲದ ನೋವಿಗೆ ನಾನು ಯಾರ ಮುಂದೆ ನಿಂತು ತಪ್ಪಾಯಿತು ಅನ್ನಲಿ?

ಎಲ್ಲ ಹಾಡು ವಾಪಸು ಹಾಕಿ ನನ್ನ ಹಂದರವನ್ನು ಬೇರೆ ಮಾಡಿಕೊಂಡಿದ್ದೇನೆ. ನಮ್ಮ ಲೈಸೆನ್ಸಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಬೇಕಾದವರು ನಿನ್ನದು ಒಯ್ಯಲಿ, ಬೇಕಾದವರು ನನ್ನದು ಒಯ್ಯಲಿ. ಮನೆಯಲ್ಲಿ ಈ ಗದ್ದಲ ಕೇಳಿ ಅವ್ವ, ‘ಯಾರ ಮನಸಿಗಿ ಹತ್ತೇತಂತ ನನ್ನ ಹಾಡ?’ ಎಂದು ಕೇಳಿದಳು. ‘ಯಾರಿಗೂ ಇಲ್ಲ, ಸಮ್ಮೇದನ ತಲಿಯಾಗಿನ ಹುಳ’ ಎಂದು ಹೇಳಿ ಸುಮ್ಮನಾಗಿಸಿದ್ದೇನೆ.

ಇನ್ನು ಬರೆಯಬೇಡ.

ದುಂಡೇಶ


ಹುಕ್ಕೇರಿ
20 ನವೆಂಬರ್ 2004

ಸಮ್ಮೇದಣ್ಣನಿಗೆ ಅರ್ಚನಾ ಮಾಡುವ ನಮಸ್ಕಾರಗಳು.

ನಾನು ಬರೆಯುತ್ತಿರುವುದು ದುಂಡೇಶಣ್ಣನಿಗೆ ಗೊತ್ತಿಲ್ಲ. ಗೊತ್ತಾದರೆ ಮಾತು ಬಿಟ್ಟಾನು, ಆದರೂ ಬರೆಯುತ್ತೇನೆ. ದೀಪಾವಳಿಗೆ ತವರಿಗೆ ಹೋಗಿದ್ದೆ. ಅವ್ವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದಳು, ‘ಸಮ್ಮೇದ ಸುಮ್ಮಸುಮ್ಮನ ಹಂಗ ಮಾಡು ಹುಡುಗ ಅಲ್ಲ. ಯಾರಿಗೋ ಹತ್ತೇತಿ. ಯಾರಿಗಿ ಅಂತ ಕೇಳಿದ್ರ ಇವ ಹೇಳವಲ್ಲ. ನೀ ಕೇಳಿ ನೋಡ.’ ಯಾಕೆ ಅಂದೆ. ‘ಆಕಿನ್ನ ಕರಕೊಂಡ ಬರ್ರಿ. ನನ್ನ ಮುಂದ ಕುಂತ ಉತ್ತರ ಹಾಡಲಿ. ನಾ ಕೇಳತೇನಿ’ ಅಂದಳು.

ಅಣ್ಣಾ, ನೀವಿಬ್ಬರೂ ಬಹಳ ಓದಿದವರು, ಆದರೆ ಮದುವೆಯ ಹಂದರದಲ್ಲಿ ಹೆಂಗಸರ ಕಡೆ ಕೂತವರಲ್ಲ. ನಮ್ಮ ಕಡೆ ಬೀಗರ ಹಾಡನ್ನು ಒಬ್ಬರೇ ಹಾಡುವುದಿಲ್ಲ. ಹೆಣ್ಣಿನ ಕಡೆಯವರು ಒಂದು ಹಾಡಿದರೆ ಗಂಡಿನ ಕಡೆಯವರು ಅದಕ್ಕೆ ಉತ್ತರ ಹಾಡುತ್ತಾರೆ. ಹಾಡಿದವಳು ಉತ್ತರ ಕೇಳುವವರೆಗೆ ಜಾಗ ಬಿಟ್ಟು ಏಳುವಂತಿಲ್ಲ, ಎಂಥ ಮಾತು ಬಂದರೂ ಕೇಳಬೇಕು. ಕೊನೆಗೆ ಉತ್ತರ ಸಿಗದೆ ಸೋತವರು ಗೆದ್ದವರ ಬಾಯಿಗೆ ಸಕ್ಕರೆ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಆ ಮಾತನ್ನು ಹಂದರದ ಹೊರಗೆ ಯಾರೂ ಎತ್ತುವಂತಿಲ್ಲ. ಅವ್ವ ಯಾವತ್ತೂ ಸಕ್ಕರೆ ತಿಂದವಳೇ, ಇನ್ನೊಬ್ಬರಿಗೆ ಹಾಕಿದವಳಲ್ಲ. ಆ ಜಂಬ ಅವಳಿಗೆ ಇದ್ದೇ ಇದೆ.

ನನ್ನ ಮದುವೆಯಲ್ಲಿ ನಿಮ್ಮ ಟೇಪ್ ರೆಕಾರ್ಡರ್ ಅವ್ವನ ಮುಂದೆ ಇತ್ತು. ನಮ್ಮ ಅತ್ತೆಯ ಕಡೆಯವರ ಉತ್ತರ ಅದರಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದು ನೀವು ಬಿಟ್ಟಿರಿ. ನಿಮ್ಮ ಕಂಪ್ಯೂಟರಿನಲ್ಲಿ ಒಂದೇ ಕಡೆಯವರು ಕೂತಿದ್ದಾರೆ. ಒಬ್ಬಳೇ ಕೂತು ಅದನ್ನು ಓದುವ ಹೆಣ್ಣುಮಗಳು ಯಾರಿಗೆ ಉತ್ತರ ಕೊಡಬೇಕು? ಅಲ್ಲಿಗೆ ಅದು ಹಾಡಾಗಿ ಉಳಿಯಲಿಲ್ಲ, ಬೈಗುಳವಾಯಿತು.

ಇನ್ನೊಂದು ಮಾತು. ಆ ಬೆಕ್ಕಿನ ಹಾಡಿಗೆ ಮಾತ್ರ ಅವತ್ತೂ ಉತ್ತರ ಬಂದಿರಲಿಲ್ಲ. ಅದನ್ನು ಅವ್ವ ಹಾಡಿದ್ದು ನಮ್ಮ ಯಜಮಾನರ ಚಿಗವ್ವ ಸೀತವ್ವನ ಮೇಲೆ. ಅವರಿಗೆ ಮಕ್ಕಳಿಲ್ಲ. ಹಾಡು ಮುಗಿದದ್ದೇ ಎದ್ದು ಒಳಗೆ ಹೋದರು, ಪಾತ್ರೆ ಎತ್ತಿಡುವ ನೆವ ಮಾಡಿ. ನಾವೆಲ್ಲ ಗೆದ್ದೆವೆಂದು ನಕ್ಕೆವು. ಸಕ್ಕರೆ ಹಾಕಲು ಯಾರೂ ಬರಲಿಲ್ಲ. ಸೀತವ್ವ ಹೋದ ವರ್ಷ ತೀರಿಕೊಂಡರು. ನನ್ನ ಮುಂದೆ ಅವರು ಒಂದು ದಿನವೂ ಅದರ ಮಾತು ತೆಗೆಯಲಿಲ್ಲ. ನಾನು ಹಡೆದಾಗ ಬಾಣಂತನ ಮಾಡಿದವರೂ ಅವರೇ. ಅವರು ಹೋದ ಸುದ್ದಿ ತಿಳಿಸಿದಾಗಿನಿಂದ ಅವ್ವ ಬೆಕ್ಕಿನ ಹಾಡು ಹಾಡಿಲ್ಲ. ಉತ್ತರ ಬಾಕಿ ಉಳಿಯಿತು ಎಂಬುದು ಅವಳ ಮನಸ್ಸಿನಲ್ಲಿ ಕೂತಿದೆ.

ಅದಕ್ಕೇ ಕೇಳುತ್ತಿದ್ದೇನೆ ಅಣ್ಣಾ. ಯಾರಿಗೆ ನೋವಾಯಿತು? ಗುಟ್ಟಿನದಾದರೆ ನನಗೊಬ್ಬಳಿಗೆ ಹೇಳಿ.

ಇತಿ ನಿಮ್ಮ ತಂಗಿ,
ಅರ್ಚನಾ


ಗೋಕಾಕ
8 ಡಿಸೆಂಬರ್ 2004

ಪ್ರೀತಿಯ ಅರ್ಚನಾ,

ನೀನು ನಿನ್ನ ಸಮ್ಮೇದಣ್ಣನಿಗೆ ಬರೆದ ಪತ್ರ ಬಂದು ಎರಡು ವಾರವಾಯಿತು. ನಮ್ಮವರು ಅದನ್ನು ಓದಿ, ಮಡಚಿ, ಶರ್ಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಬಟ್ಟೆ ಒಗೆಯಲು ತೆಗೆದಾಗ ನನ್ನ ಕೈಗೆ ಸಿಕ್ಕಿತು. ‘ಉತ್ತರ ಬರದ್ರೇನ್ರಿ?’ ಎಂದೆ. ‘ಏನಂತ ಬರೀಲಿ?’ ಎಂದರು. ಹಾಗಾದರೆ ನಾನು ಬರೆಯುತ್ತೇನೆ ಎಂದು ಕೂತಿದ್ದೇನೆ.

ನೋವಾದದ್ದು ನನಗೆ.

ಬೆಳಿಗ್ಗೆ ಕ್ಲಾಸಿನ ಬಾಗಿಲು ತೆಗೆದು ಕಂಪ್ಯೂಟರ್‌ಗಳನ್ನೆಲ್ಲ ಹಚ್ಚಿಡುವುದು ನನ್ನ ಕೆಲಸ. ಹಂದರದ ಹಾಡು ನನಗೆ ಇಷ್ಟ. ಅವತ್ತು ಯಾವ ಮಷಿನ್‌ನಲ್ಲಿ ಯಾವ ಹಾಡು ಬಂದಿದೆಯೆಂದು ಓದುತ್ತ ಸಾಲಿನ ಗುಂಟ ಹೋಗುತ್ತಿದ್ದೆ. ಒಂದರಲ್ಲಿ ಅದು ಬಂತು. ಓದಿದೆ. ನಕ್ಕೆ ಕೂಡ, ಕುಂಚಿಗೆ ಹಾಕಿಕೊಂಡ ಬೆಕ್ಕು ಕಣ್ಣಿಗೆ ಕಟ್ಟಿತು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ನಿನಗೆ ಗೊತ್ತೋ ಇಲ್ಲವೋ, ಮದುವೆಯಾಗಿ ಒಂಬತ್ತು ವರ್ಷವಾಯಿತು. ಬೆಳಗಾವಿ, ಮಿರಜ, ಎಲ್ಲ ದವಾಖಾನೆಗಳೂ ಆದವು. ನಮ್ಮ ಬಾಜೂ ಮನೆಯಲ್ಲಿ ಒಂದು ಕೂಸಿದೆ. ಅದು ಅತ್ತರೆ ನಾನು ನಿಜಕ್ಕೂ ಏಳುತ್ತೇನೆ. ಎದ್ದು ಕೂತು, ಅದು ಸುಮ್ಮನಾದ ಮೇಲೆ ಮಲಗುತ್ತೇನೆ. ಅದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಕಂಡರಿಯದ ಮುದುಕಿಯೊಬ್ಬಳು ಅದನ್ನು ಪರದೆಯ ಮೇಲೆ ಬರೆದಿಟ್ಟಂತಾಯಿತು.

ಇವರು ಬಂದಾಗ ನಾನು ಅಳಲಿಲ್ಲ, ಸಿಟ್ಟಾಗಲಿಲ್ಲ. ‘ಇದನ್ನ ಹಾಡಿದಾಕಿ ಯಾರ್ರಿ?’ ಎಂದಷ್ಟೇ ಕೇಳಿದೆ. ಅದನ್ನು ತೆಗೆಯಿರಿ ಎಂದು ನಾನು ಹೇಳಲಿಲ್ಲ. ಇವರೇ ಕೂತು ತೆಗೆದರು. ಹೆಂಡತಿಯ ಸಲುವಾಗಿ ಎಂದು ನಾಲ್ಕು ಜನರ ಮುಂದೆ ಹೇಳಲು ಸಂಕೋಚ. ಹೇಳಿದರೆ ನಮ್ಮ ಮನೆಯ ಮಾತು ಜರ್ಮನಿಗೆ ಹೋಗುತ್ತದೆ. ಅದಕ್ಕೇ ಸಂಸ್ಕೃತಿ ಎಂಬ ದೊಡ್ಡ ಮಾತು ತಂದು ಅಡ್ಡ ಇಟ್ಟರು. ಆ ಮಾತು ಹೋಗಿ ನಿಮ್ಮ ಅವ್ವನಿಗೆ ಬಡಿಯುತ್ತದೆಂದು ತಿಳಿಯದ ಮನುಷ್ಯರಲ್ಲ. ಆ ಹೊತ್ತಿಗೆ ತಿಳಿಯಲಿಲ್ಲ, ಏನು ಮಾಡುವುದು.

ನಿನ್ನ ಪತ್ರ ಓದಿದ ಮೇಲೆ ನನಗೆ ಎಷ್ಟು ಹಗುರವಾಯಿತು ಗೊತ್ತೇ? ಉತ್ತರ ಹಾಡಲು ಕರೆದಿದ್ದಾರೆ. ಇಷ್ಟು ವರ್ಷದಲ್ಲಿ ನನಗೆ ಕನಿಕರ ತೋರಿಸಿದವರಿದ್ದಾರೆ, ವ್ರತ ಹೇಳಿದವರಿದ್ದಾರೆ. ನಿನ್ನ ಮಾತೇನು ಎಂದು ಕೇಳಿದವರಿಲ್ಲ.

ನನ್ನ ತವರು ಕೊಣ್ಣೂರು. ಅಲ್ಲಿ ಮದುವೆಯಲ್ಲಿ ಗಂಡನ ಹೆಸರನ್ನು ಮರಾಠಿಯಲ್ಲೂ ಕನ್ನಡದಲ್ಲೂ ಪ್ರಾಸ ಕಟ್ಟಿ ಹೇಳುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಒಂದು ಉತ್ತರ ಕಟ್ಟಿದ್ದೇನೆ. ಒಳ್ಳೆಯದಾಗಿದೆ. ಇವರಿಗೂ ಹೇಳಿಲ್ಲ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ನೆವದಿಂದ ಮೂಡಲಗಿಗೆ ಬರುತ್ತೇನೆ. ನಿಮ್ಮ ಅವ್ವನಿಗೆ ಹೇಳು, ಸಕ್ಕರೆ ತೆಗೆದಿಡಲಿ. ಈ ಸಲ ಹಾಕುವ ಪಾಳಿ ಅವರದು.

ನಿನ್ನ,
ಶ್ರದ್ಧಾ


ಮೂಡಲಗಿ
10 ಜನವರಿ 2005

ಸಮ್ಮೇದ,

ಅವ್ವನಿಗೆ ಲಕ್ವಾ ಹೊಡೆದಿದೆ. ಹೊಸ ವರ್ಷದ ಮರುದಿನ ಮುಂಜಾನೆ ರೊಟ್ಟಿ ಬಡಿಯುತ್ತ ಕೂತವಳು ಹಾಗೇ ವಾಲಿದಳು. ಗೋಕಾಕದ ದವಾಖಾನೆಗೇ ತಂದಿದ್ದೆ, ನಿನ್ನ ಕ್ಲಾಸಿನಿಂದ ಎರಡು ಓಣಿ ಆಚೆ. ನಿನಗೆ ಹೇಳಲಿಲ್ಲ. ಔಷಧ ತರಲು ನಿನ್ನ ಬೋರ್ಡಿನ ಕೆಳಗಿಂದಲೇ ಓಡಾಡಿದೆ, ಮೇಲೆ ಹತ್ತಲು ಕಾಲು ಬರಲಿಲ್ಲ. ಈಗ ಮನೆಗೆ ಕರೆತಂದಿದ್ದೇವೆ. ಬಲಗೈ ಇಲ್ಲ, ಮಾತು ಇಲ್ಲ. ಕಿವಿ ಸರಿಯಿದೆ, ನೆನಪು ಸರಿಯಿದೆ. ಅದೇ ಕಷ್ಟ, ಎಲ್ಲ ತಿಳಿಯುತ್ತದೆ.

ಅರ್ಚನಾ ನಿನ್ನೆ ಎಲ್ಲ ಹೇಳಿದಳು. ಶ್ರದ್ಧಾ ವೈನಿಯ ಪತ್ರವನ್ನೂ ತೋರಿಸಿದಳು.

ಏ ಸಮ್ಮೇದ, ಒಂದು ಮಾತು ನನಗೆ ಹೇಳಬಾರದಾಗಿತ್ತೇ? ಲಿಸ್ಟ್‌ನಲ್ಲಿ ಬೇಡ, ಕಾಗದದಲ್ಲಿ ಬೇಡ, ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ನಮ್ಮಾಕಿಗಿ ನೋವಾತೋ’ ಎಂದಿದ್ದರೆ ಸಾಕಿತ್ತು. ಆ ಹಾಡನ್ನು ನಾನೇ ತೆಗೆಯುತ್ತಿದ್ದೆ. ನಿಮ್ಮ ಮನೆ ಬಲ್ಲ ನನಗೇ ಹೊಳೆಯಬೇಕಿತ್ತು, ಸಿಟ್ಟಿನಲ್ಲಿ ಹೊಳೆಯಲಿಲ್ಲ. ನಾನು ಹೆಸರು ಹೇಳು ಎಂದು ಬರೆದೆ, ಜೊತೆಗೆ ಇನ್ನು ಬರೆಯಬೇಡ ಎಂದೂ ಬರೆದೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆದ ಶಾಣ್ಯಾ ನಾನು. ಅವ್ವ ಆಗಸ್ಟ್‌ನಿಂದ ಕೇಳುತ್ತಲೇ ಇದ್ದಳು, ಯಾರಿಗೆ ಹತ್ತಿತು, ಕರೆದುಕೊಂಡು ಬಾ ಎಂದು. ನನ್ನ ಸಿಟ್ಟು ಇಳಿಯಲಿ ಎಂದು ನಾನು ಕಾದೆ. ಆಗ ಅವಳಿಗೆ ದನಿ ಇತ್ತು.

ಸಂಕ್ರಾಂತಿಗೆ ಈ ಗದ್ದಲದಲ್ಲಿ ಬರಬೇಡಿ. ಸ್ವಲ್ಪ ಸುಧಾರಿಸಲಿ. ಆಮೇಲೆ ಬರಲು ವೈನಿಗೆ ಮನಸ್ಸಿದ್ದರೆ ಬನ್ನಿ. ಅವ್ವನಿಗೆ ಹೇಳಿದ್ದೇನೆ. ಎಡಗೈಯಿಂದ ಬಾಗಿಲ ಕಡೆ ತೋರಿಸುತ್ತಾಳೆ, ಯಾವಾಗ ಎಂದು.

ನಿನ್ನ,
ದುಂಡೇಶ


ಗೋಕಾಕ
16 ಫೆಬ್ರುವರಿ 2005

ಪ್ರಿಯ ದುಂಡೇಶ,

ನಿನ್ನೆ ನಿಮ್ಮ ಮನೆಯಿಂದ ಬಂದು ಮುಟ್ಟಿದೆವು. ಶ್ರದ್ಧಾ ಕ್ಲಾಸಿನ ಮಷಿನ್‌ಗಳನ್ನು ಒಂದೊಂದೇ ಒರೆಸುತ್ತಿದ್ದಾಳೆ, ನಾನು ಇಲ್ಲಿ ಬರೆಯುತ್ತಿದ್ದೇನೆ.

ನೀನು ಬೇಸರ ಮಾಡಿಕೊಂಡಿದ್ದೀಯ ಎಂದು ನನಗೆ ಗೊತ್ತು. ನಮ್ಮನ್ನು ಕಳಿಸಲು ಬಾಗಿಲವರೆಗೆ ಬಂದಾಗ ನೀನು ಏನೋ ಕೇಳಬೇಕೆಂದಿದ್ದೆ. ಇವಳು ಯಾಕೆ ಹಾಡಲಿಲ್ಲ ಎಂದು ತಾನೆ? ನನಗೂ ಬಸ್ಸಿನಲ್ಲಿ ಅದೇ ಪ್ರಶ್ನೆ. ಕೊಣ್ಣೂರಿನವಳು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸಿ ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ಬಂದಿದ್ದಳು, ನಾನು ನೋಡಿದ್ದೇನೆ. ಹಣಮವ್ವ ದಿಂಬಿಗೆ ಒರಗಿ ಕೂತು ಅವಳ ಮುಖವನ್ನೇ ನೋಡುತ್ತಿದ್ದರು. ಎಡಗೈಯಿಂದ ಸೆರಗಿನ ತುದಿಯನ್ನು ಹಿಸುಕುತ್ತಲೇ ಇದ್ದರು, ಜೊಲ್ಲು ಒರೆಸಿಕೊಳ್ಳಲು ಇರಬೇಕೆಂದು ನಾನು ನನ್ನ ಟವೆಲ್ ಕೊಟ್ಟೆ. ಅವರು ಅದನ್ನು ಆಚೆ ಸರಿಸಿದರು. ಅರ್ಚನಾ ‘ಹಾಡ್ರಿ ವೈನಿ, ಅವ್ವ ಕೇಳಾಕತ್ತಾಳ’ ಎಂದಳು. ಶ್ರದ್ಧಾ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ‘ನೀವು ಆರಾಮ ಆಗ್ರಿ ಅವ್ವಾರ. ಆಮ್ಯಾಲ ಬರ್ತೀನಿ’ ಎಂದು ಎದ್ದುಬಿಟ್ಟಳು.

ಬಸ್ಸಿನಲ್ಲಿ ಕೇಳಿದೆ. ‘ಉತ್ತರ ಕೊಡಾಕ ಬರದವರ ಮುಂದ ಕುಂತ ಹಾಡೂದ ಬ್ಯಾಡ ಅನಿಸ್ತು. ನನಗ ಆಗಿದ್ದ ಅವರಿಗೂ ಆಗಬಾರದು’ ಎಂದಳು. ಲಿಸ್ಟ್‌ನಲ್ಲಿ ನಾವು ತಿಂಗಳುಗಟ್ಟಲೆ ಕಿತ್ತಾಡಿದ್ದು ಇದನ್ನೇ ಅಲ್ಲವೇನೋ? ಇಷ್ಟು ಸರಳವಾಗಿ ಯಾರೂ ಹೇಳಲಿಲ್ಲ.

ದುಂಡೇಶ, ‘ಕಸ’ ಎಂದು ಬರೆದದ್ದಕ್ಕೆ ನಾಚಿಕೆಯಿದೆ. ಅದನ್ನು ಅಳಿಸಲಾರೆ, ಅದರ ಮೇಲೆ ಇನ್ನೊಂದು ಟಿಪ್ಪಣಿ ಬರೆಯಬಹುದಷ್ಟೇ. ಬರೆದಿದ್ದೇನೆ, ಕನ್ನಡದಲ್ಲಿ, ನನ್ನ ಹೆಸರು ಹಾಕಿ. ನೀನು ಒಪ್ಪಿದರೆ ಎರಡು ಹಂದರವನ್ನೂ ಮತ್ತೆ ಒಂದು ಮಾಡೋಣ. ಹಳೆಯ ಟೇಪನ್ನು ಇನ್ನೊಮ್ಮೆ ಕೇಳಿ, ಅರ್ಚನಾಳ ಅತ್ತೆಯ ಕಡೆಯವರ ಉತ್ತರಗಳನ್ನು ಹುಕ್ಕೇರಿಗೆ ಹೋಗಿ ಅವರ ಬಾಯಿಂದಲೇ ಬರೆದುಕೊಳ್ಳೋಣ. ಹಾಡು ಬಂದರೆ ಜೊತೆಗೆ ಉತ್ತರವೂ ಬರಬೇಕು, ಒಂಟಿಯಾಗಿ ಯಾವುದೂ ಬರಕೂಡದು. ಬೆಕ್ಕಿನ ಹಾಡನ್ನು ಮಾತ್ರ ಸದ್ಯ ಹೊರಗಿಡೋಣ. ಅದರ ಉತ್ತರ ಇವಳ ಹತ್ತಿರ ಇದೆ, ನನಗೂ ಹೇಳುವುದಿಲ್ಲ. ಹಣಮವ್ವ ಆರಾಮಾದ ಮೇಲೆ ಅವರ ಮುಂದೆಯೇ ಎನ್ನುತ್ತಾಳೆ.

ಡಾಕ್ಟರರು ಏನು ಹೇಳಿದರೆಂದು ನೀನು ನನಗೆ ಹೇಳಿದ್ದೀಯ. ಅದನ್ನು ನಾನು ಅವಳಿಗೆ ಹೇಳಿಲ್ಲ. ಮತ್ತೆ ಅದೇ ಕೆಲಸ ಮಾಡುತ್ತಿದ್ದೇನೆ ನೋಡು.

ನಿನ್ನ,
ಸಮ್ಮೇದ


ಮೂಡಲಗಿ
22 ಏಪ್ರಿಲ್ 2005

ಶ್ರದ್ಧಾ ವೈನಿಗೆ ದುಂಡೇಶನ ನಮಸ್ಕಾರಗಳು.

ಅವ್ವ ತೀರಿಕೊಂಡಾಗ ಮಣ್ಣಿಗೆ ನೀವಿಬ್ಬರೂ ಬಂದಿರಿ. ಅವತ್ತು ಯಾರ ಕೂಡ ಏನು ಮಾತಾಡಿದೆನೋ ನೆನಪಿಲ್ಲ. ಸಮ್ಮೇದ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದ, ಅಷ್ಟು ನೆನಪಿದೆ. ದಿನಕರ್ಮ ಮುಗಿದು ನೆಂಟರೆಲ್ಲ ಹೋದರು. ಈಗ ಮನೆಯಲ್ಲಿ ಸದ್ದಿಲ್ಲ.

ನಿಮಗೆ ಒಂದು ವಿಷಯ ಹೇಳಬೇಕು. ಹೇಳಬಾರದೆಂದು ಬಹಳ ದಿನ ಅಂದುಕೊಂಡೆ, ಹೇಳಿದರೆ ನಿಮಗೆ ಸಂಕಟವಾಗುತ್ತದೆ. ಆದರೆ ಹೇಳದೆ ಉಳಿದ ಮಾತುಗಳಿಂದ ನಾವೆಲ್ಲ ಎಲ್ಲಿಗೆ ಬಂದು ನಿಂತಿದ್ದೇವೆಂದು ನೀವೇ ಬಲ್ಲಿರಿ.

ನೀವು ಫೆಬ್ರುವರಿಯಲ್ಲಿ ಬಂದ ದಿನ ಮುಂಜಾನೆ ಅವ್ವ ಅಡಿಗೆಮನೆಯ ಡಬ್ಬಿಗಳ ಕಡೆ ಕೈ ತೋರಿಸಿ ಬಹಳ ಹಟ ಮಾಡಿದ್ದಳು. ಅರ್ಚನಾ ಒಂದೊಂದೇ ಡಬ್ಬಿ ತೋರಿಸುತ್ತ ಹೋದಳು. ಸಕ್ಕರೆ ಬಂದಾಗ ಅವ್ವ ಹೂಂ ಎಂಬಂತೆ ತಲೆಯಾಡಿಸಿದಳು. ಸಿಹಿ ತಿನ್ನುವ ಆಸೆಯಿರಬೇಕೆಂದು ಅರ್ಚನಾ ಅವಳ ಅಂಗೈಗೆ ಚಿಟಿಕೆ ಸಕ್ಕರೆ ಹಾಕಿ ಕೆಲಸಕ್ಕೆ ಹೋದಳು. ತಿಂದಳೆಂದೇ ನಾವೆಲ್ಲ ತಿಳಿದಿದ್ದೆವು.

ಅವ್ವನಿಗೆ ಕೊನೆಯ ನೀರು ಹಾಕುವಾಗ ಬಾಜೂ ಮನೆಯ ಹೆಂಗಸರು ಸೀರೆ ತೆಗೆದರು. ಆಕೆ ಅದೊಂದೇ ಸೀರೆಗೆ ಗಂಟು ಬಿದ್ದಿದ್ದಳು, ಒಗೆಯಲು ಕೊಟ್ಟರೂ ಸೆರಗಿನ ತುದಿಯನ್ನು ನೀರಿಗೆ ಹಾಕಗೊಡುತ್ತಿರಲಿಲ್ಲ. ಆ ತುದಿಯಲ್ಲಿ ಗಂಟು ಇತ್ತು. ಒಂದೇ ಕೈ ಮತ್ತು ಹಲ್ಲು ಸೇರಿಸಿ ಹಾಕಿದ ಗಂಟು, ಬಿಚ್ಚಲು ಬರಲಿಲ್ಲ, ಕತ್ತರಿಸಿದರು. ಒಳಗೆ ಸಕ್ಕರೆಯಿತ್ತು. ತೇವ ತಾಗಿ ಬೆಲ್ಲದ ಹೆಂಟೆಯ ಹಾಗೆ ಗಟ್ಟಿಯಾಗಿತ್ತು.

ನೀವು ಹಾಡದೆ ಎದ್ದದ್ದು ಅವಳ ಮೇಲಿನ ಕರುಣೆಯಿಂದ. ಸಮ್ಮೇದ ಬರೆದಿದ್ದ, ನನಗೆ ತಿಳಿಯಿತು. ಆದರೆ ಅವಳು ಸೋಲಲಿಕ್ಕೆಂದೇ ಕೂತಿದ್ದಳು ವೈನಿ. ಉತ್ತರ ಕೊಡುವ ಆಸೆ ಅವಳಿಗೆ ಇರಲಿಲ್ಲ. ಕೇಳುವ ಆಸೆ ಇತ್ತು.

ಇದನ್ನು ದೂರೆಂದು ತಿಳಿಯಬೇಡಿ. ನಾನು ಐದು ತಿಂಗಳು ಅವಳ ಮಾತು ನಿಮಗೆ ಮುಟ್ಟಿಸಲಿಲ್ಲ, ನನಗೆ ದೂರುವ ಬಾಯಿಯಿಲ್ಲ. ಸಕ್ಕರೆಯನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ಡಬ್ಬಿಯಲ್ಲಿ ಹಾಕಿ ಯಲ್ಲಪ್ಪನ ಕೈಗೆ ಕೊಟ್ಟಿದ್ದೇನೆ. ಅದು ನಿಮ್ಮದು. ಬೇಡವಾದರೆ ಘಟಪ್ರಭೆಗೆ ಬಿಡಿ.

ಇತಿ ನಿಮ್ಮ ಮೈದುನ,
ದುಂಡೇಶ


ಗೋಕಾಕ
5 ಮೇ 2005

ದುಂಡೇಶ,

ಡಬ್ಬಿ ಮುಟ್ಟಿತು. ಉತ್ತರ ಬರೆಯಲು ತಡವಾಯಿತು, ತಪ್ಪು ತಿಳಿಯಬೇಡ.

ಅವತ್ತೇ ಹಾಡಬೇಕಿತ್ತು. ಇಷ್ಟನ್ನು ಬರೆದು ಮೂರು ಕಾಗದ ಹರಿದೆ. ನಾನು ನಿಮ್ಮ ಅವ್ವನ ಮುಖ ನೋಡಿದೆ, ಕೈ ನೋಡಲಿಲ್ಲ. ದನಿಯಿಲ್ಲದವರಿಗೆ ಏನು ಬೇಕೆಂದು ನಾನೇ ನಿರ್ಧಾರ ಮಾಡಿದೆ. ನಮ್ಮವರು ನನ್ನನ್ನು ಕೇಳದೆ ಹಾಡು ತೆಗೆದರೆಂದು ಒಳಗೊಳಗೇ ಸಿಟ್ಟಾಗಿದ್ದವಳು, ನಿಮ್ಮ ಅವ್ವನನ್ನು ಕೇಳದೆ ಹಾಡು ನುಂಗಿಕೊಂಡು ಬಂದೆ.

ನೀನೂ ನಮ್ಮವರೂ ಟೇಪಿನ ಹಾಡುಗಳಿಗೆ ಉತ್ತರ ಕೂಡಿಸುವ ಕೆಲಸಕ್ಕೆ ಹುಕ್ಕೇರಿಗೆ ಹೊರಟಿದ್ದೀರೆಂದು ತಿಳಿಯಿತು. ಹೋಗಿ ಬನ್ನಿ. ಆದರೆ ಬೆಕ್ಕಿನ ಹಾಡನ್ನು ಹೊರಗಿಡಬೇಡಿ. ಅದನ್ನು ನಿಮ್ಮ ಅವ್ವನ ಹೆಸರಿನಲ್ಲೇ ಹಾಕಿ, ಕೆಳಗೆ ಇದನ್ನು ಸೇರಿಸಿ. ನನ್ನ ಹೆಸರು ಬೇಡ, ಬೀಗಿತಿ ಎಂದು ಬರೆದರೆ ಸಾಕು. ಸೀತವ್ವನವರೂ ಅದರಲ್ಲೇ ಬಂದರು.

ನೆರಿಮನಿ ಕೂಸತ್ತರ ನಾನೆದ್ದೆ ಖರೆ ಅವ್ವ
ಹಡದಾಕಿ ನಿದ್ದಿ ತಿಳಿಲಿಲ್ಲ | ಆ ಕೂಸು
ನನ ಮಡಿಲಾಗ ಅಳುವ ಮರತೈತಿ

ಮೊನ್ನೆ ಮುಂಜಾನೆ ಕ್ಲಾಸಿಗೆ ಹುಡುಗರು ಬರುವ ಮೊದಲು ಬಾಗಿಲು ಹಾಕಿಕೊಂಡೆ. ನಿನ್ನ ಹಂದರವನ್ನು ಒಂದು ಮಷಿನ್‌ನಲ್ಲಿ ಹಚ್ಚಿ, ಮತ್ತೆ ಬಂದ್ ಮಾಡಿ, ಮತ್ತೆ ಹಚ್ಚಿ, ಬೆಕ್ಕಿನ ಹಾಡು ಬರುವವರೆಗೂ ಕೂತೆ. ಬಂತು. ಅವರು ನನ್ನ ಮುಂದೆ ಕೂತಿದ್ದಾರೆ ಎಂದು ತಿಳಿದು ದನಿ ತೆಗೆದು ಹಾಡಿದೆ. ಹಾಡಿದವಳು ಉತ್ತರಕ್ಕೆ ಕಾಯಬೇಕು, ಕಾದೆ. ಆಮೇಲೆ ಡಬ್ಬಿ ತೆಗೆದು ಸಕ್ಕರೆ ಬಾಯಿಗೆ ಹಾಕಿಕೊಂಡೆ.

ಇತಿ,
ಶ್ರದ್ಧಾ ವೈನಿ